ಮೂರನೆಯ ಮ್ಯಾಕ್ರೊ

"ಏನವ್ವ ಮಾಡ್ದೆ ನಮ್ ಮಿಷನ್ನಿಗೆ? ಹಾಲು ಅಳೀತದೆ, ಚೀಟಿ ಕೊಡ್ತಿಲ್ಲ!" ಸಿ.ಎಸ್. ಪುರದ ಹಾಲಿನ ಡೇರಿ ಕಾರ್ಯದರ್ಶಿ ದೊಡ್ಡಗಂಗಮ್ಮನ ದನಿ ಫೋನಿನಾಚೆಗೂ ಕೇಳುತ್ತಿತ್ತು. "ಜನ ಕ್ಯಾನ್ ಹಿಡ್ಕಂಡು ನಿಂತವ್ರೆ. ವ್ಯಾನ್ ಬರೋ ಹೊತ್ತಾಯ್ತು. ಬಿಸ್ಲಿಗೆ ಹಾಲು ಒಡೆದ್ರೆ ದುಡ್ಡು ನೀನ್ ಕೊಡ್ತೀಯಾ?"

"ಸ್ವಲ್ಪ ಹೊತ್ತು ಕೈಯಲ್ಲೇ ಬರ್ಕೊಡಿ ಅಮ್ಮ, ನೋಡ್ತಿದೀನಿ," ಎಂದಳು ಪ್ರೇಮಲತಾ.

"ಕೈಲಿ ಬರೆದ್ರೆ ನಂಬಲ್ಲ ಅಂತ್ಲೇ ಅಲ್ವಾ ನಿಮ್ ಮಿಷನ್ ತಗಂಡಿದ್ದು? ನನ್ನನ್ನೇ ಕಳ್ಳಿ ಅಂತಾರೆ!"

ಪ್ರೇಮಲತಾ ಕೆಲಸ ಮಾಡುತ್ತಿದ್ದ ಸತ್ಯಮಂಗಲದ ಸಣ್ಣ ಕಾರ್ಖಾನೆಯ ಹಾಲು ಅಳೆಯುವ ಯಂತ್ರ, ಅಳತೆಯನ್ನು ಯಾರೂ ತಿದ್ದದಂತೆ ಪ್ರತಿ ಅಳತೆಯಿಂದಲೂ ಬೆರಳಚ್ಚಿನಂಥ ಒಂದು ಸಂಖ್ಯೆ, ಹ್ಯಾಶ್, ತೆಗೆಯುತ್ತಿತ್ತು. ಕಚೇರಿಯ ಕಂಪ್ಯೂಟರೂ ಅದನ್ನೇ ತೆಗೆದು ತಾಳೆ ನೋಡುತ್ತಿತ್ತು. ತಾಳೆಯಾದರಷ್ಟೇ ಚೀಟಿ. ಹ್ಯಾಶ್ ಬೇಗ ತೆಗೆಯಲು ಚಿಪ್ಪಿನಲ್ಲೇ ಪ್ರತ್ಯೇಕ ಸರ್ಕ್ಯೂಟ್ ಇತ್ತು. ಅದನ್ನು ದುಡಿಸಲು ಚಿಪ್ಪಿನದೇ ಭಾಷೆಯಾದ ಅಸೆಂಬ್ಲಿಯಲ್ಲಿ ಬರೆದ ಸಾಲುಗಳನ್ನು ಹಿರಿಯರಾದ ಮಹಾದೇವಯ್ಯ ನಾಲ್ಕು ಮ್ಯಾಕ್ರೊಗಳಾಗಿ, ಹೆಸರು ಹೇಳಿದರೆ ಸಾಕು ಓಡುವ ಕಟ್ಟುಗಳಾಗಿ, ಕಟ್ಟಿದ್ದರು. ನಾಲ್ಕೂ ಹೆಚ್ಚುಕಡಿಮೆ ಒಂದೇ. ಹೊಸ ಚಿಪ್ಪಿಗೆ ಅವು ಹೊಂದದಿದ್ದಾಗ, ನಾಲ್ಕನ್ನು ಸೇರಿಸಿ ಸರಳ ಮಾಡುವ ಕೆಲಸ ಪ್ರೇಮಲತಾಳ ಪಾಲಿಗೆ ಬಂದಿತ್ತು.

ಸಂಜೆ ಕಾಲೇಜಿನ ಡಿಪ್ಲೊಮಾ ತನಗೆ ಇಷ್ಟು ಕಲಿಸಿದೆಯೇ ಎಂಬ ಅಳುಕಿನಲ್ಲೇ ಅವಳು ಒಂದೇ ಒಂದು ಮ್ಯಾಕ್ರೊ ಬರೆದಳು. ಹ್ಯಾಶ್ ಲೆಕ್ಕದ ಪುಸ್ತಕದಲ್ಲಿದ್ದ ಮಾದರಿ ಉತ್ತರಗಳೊಂದಿಗೆ ಮತ್ತೆ ಮತ್ತೆ ಹೋಲಿಸಿದಳು. ಎಲ್ಲವೂ ಸರಿ. ಪರೀಕ್ಷೆಗೆಂದು ಹೊಸ ಚಿಪ್ ಕೂರಿಸಿದ್ದ ಸಿ.ಎಸ್. ಪುರದ ಯಂತ್ರಕ್ಕೆ ಮಾತ್ರ ಅದನ್ನು ಇವತ್ತು ಬೆಳಿಗ್ಗೆ ಕಳಿಸಿದ್ದಳು.

"ಮುಟ್ಬೇಡ ಅಂತ ಬಡ್ಕೊಂಡೆ," ಎಂದರು ಮಹಾದೇವಯ್ಯ, ಪಕ್ಕದ ಕುರ್ಚಿಯಿಂದ.

"ನಂದು ಸರಿಯಾಗೇ ಇದೆ ಸಾರ್. ಪುಸ್ತಕದ ಉತ್ತರಾನೇ ಬರ್ತಿದೆ."

"ಪುಸ್ತಕದಲ್ಲಿ ಹಾಲು ಕರೀತಾರೇನಮ್ಮ?"

ಹಲ್ಲು ಕಚ್ಚಿಕೊಂಡು ಅವಳು ಹಳೆಯ ಮ್ಯಾಕ್ರೊಗಳನ್ನು ಸಾಲು ಸಾಲಾಗಿ ಓದಿದಳು. ಮೂರನೆಯದರಲ್ಲಿ ಬೆರಳು ನಿಂತಿತು. ಅಳತೆಯ ಅಂಕಿಯ ಎರಡು ತುಣುಕುಗಳು, ಬೈಟುಗಳು, ಅದಲುಬದಲಾಗಿದ್ದವು.

"ಸಾರ್, ಇದು ತಪ್ಪು. ಹಂಗಾದ್ರೆ ಇಷ್ಟು ದಿನ ಹೆಂಗೆ ತಾಳೆ ಆಗ್ತಿತ್ತು?"

ಮಹಾದೇವಯ್ಯ ಬಗ್ಗಿ ನೋಡಿದರು. "ಮೊದ್ಲು ಆಗ್ಲಿಲ್ಲ," ಎಂದರು. "ಮಿಷನ್ ಯಾಕೆ ತಪ್ಪು ಹೇಳತ್ತೆ ಅಂದ್ಕೊಂಡು, ಆಫೀಸಿನ ಕಂಪ್ಯೂಟರನ್ನೇ ಅದಕ್ಕೆ ಸರಿಯಾಗಿ ನಾನೇ ತಿದ್ಬಿಟ್ಟೆ. ಆಮೇಲೆ ಒಂದೂ ಕಂಪ್ಲೇಂಟ್ ಬಂದಿಲ್ಲ ಕಣಮ್ಮ."

"ಅಯ್ಯೋ! ಹಂಗಾದ್ರೆ ಆಫೀಸಿನದ್ದನ್ನೇ ಈಗ ಸರಿ ಮಾಡ್ತೀನಿ."

"ಮಾಡು. ಗುಬ್ಬಿ, ಕುಣಿಗಲ್, ಹಳೇ ತಪ್ಪಲ್ಲೇ ಓಡ್ತಿರೋ ಮಿಕ್ಕ ಊರಿನ ಮಿಷನ್ನೆಲ್ಲ ಬಾಯಿ ಮುಚ್ಕೊಳ್ತವೆ."

ಫೋನು ಮತ್ತೆ ಬಡಿದುಕೊಂಡಿತು. ಅವಳು ಎತ್ತಲಿಲ್ಲ. ಅಷ್ಟು ಚೊಕ್ಕಟವಾಗಿದ್ದ ತನ್ನ ಮ್ಯಾಕ್ರೊ ತೆರೆದು, ಆ ಎರಡು ಬೈಟುಗಳನ್ನು ಅದಲುಬದಲು ಮಾಡುವ ಸಾಲನ್ನು ತನ್ನ ಕೈಯಾರೆ ಸೇರಿಸಿದಳು. ಪುಸ್ತಕದ ಮಾದರಿಯೊಂದಿಗೆ ಹೋಲಿಸಿದಾಗ ತಪ್ಪೆಂದು ಪರದೆ ಕೆಂಪಾಯಿತು. ಅದನ್ನೇ ಸಿ.ಎಸ್. ಪುರಕ್ಕೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಕಚೇರಿಯ ಪರದೆಯ ಮೇಲೆ ಅಲ್ಲಿಯ ಅಳತೆಗಳು ಒಂದರ ಹಿಂದೊಂದು ಹಸಿರಾಗತೊಡಗಿದವು.

ಅವಳಿಗೆ ಸಮಾಧಾನವಾಗಲಿಲ್ಲ. ಮುಂದೆ ಯಾರೋ ತನ್ನಂಥವರೇ ಬಂದು ಈ ಸಾಲನ್ನು ನೋಡಿ ನಕ್ಕು ತಿದ್ದುತ್ತಾರೆ. ಪಕ್ಕದಲ್ಲಿ ಏನಾದರೂ ಬರೆದಿಡಬೇಕಿತ್ತು. ಬರೆದಳು, ಅಳಿಸಿದಳು.

"ನನ್ ಹೆಸರು ಹಾಕ್ಬುಡು," ಎಂದರು ಮಹಾದೇವಯ್ಯ, ಕಿಟಕಿಯ ಕಡೆ ನೋಡುತ್ತ.

ಅವಳು ಯಾರ ಹೆಸರನ್ನೂ ಹಾಕಲಿಲ್ಲ. 'ಇದು ತಪ್ಪು. ತೆಗೆಯಬೇಡಿ' ಎಂದು ಬರೆದು, ಕೈ ಹಿಂದೆಗೆದುಕೊಂಡಳು.

ಮಹಾದೇವಯ್ಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಓದಿದರು. ಆಮೇಲೆ ಅವಳ ಮುಂದಿನಿಂದ ಕೈಚಾಚಿ, ತಾವೇ ಸೇವ್ ಒತ್ತಿದರು.