ಉಬ್ಬುಗನ್ನಡಿಯ ವಿಚಾರಣೆ

ಕೆಲವು ದಿನಗಳು ಚರಿತ್ರೆ ಸೇರಲೆಂದೇ ಹುಟ್ಟುತ್ತವೆ. ಡಿಪೋ ಮ್ಯಾನೇಜರರ ಸ್ಕೂಟರಿನ ಹಿಂದಿನ ದೀಪ ಒಡೆದ ಮಂಗಳವಾರ ಅಂಥದ್ದು. ಒಡೆದದ್ದು ಅಂಗೈಯಗಲದ ಕೆಂಪು ಪ್ಲಾಸ್ಟಿಕ್ಕು. ವಿಚಾರಣೆಗೆ ಕೂತವರು, ಮ್ಯಾನೇಜರರೂ ಸೇರಿ, ನಾಲ್ಕು ಜನ. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಅದಕ್ಕೆ ತಾಗಿಸಿದ ಡ್ರೈವರಮ್ಮನನ್ನು ಸ್ಟೀರಿಂಗ್ ಬಿಡಿಸಿ ಟಿಕೆಟ್ ಕಿಟಕಿಗೆ ಕಳಿಸಬೇಕೆ ಎಂಬುದು ಪ್ರಶ್ನೆ. ಆ ಡಿಪೋದಲ್ಲಿ ಬಸ್ಸು ಓಡಿಸುವ ಹೆಂಗಸು ಅವಳೊಬ್ಬಳೇ. ಹನ್ನೊಂದು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ.

ಅವಳು ಹೇಳುವುದು ಇಷ್ಟೇ: ಹದಿನೈದು ದಿನದ ಹಿಂದೆ ಸ್ಟೋರಿನವನು ಎಡಗಡೆಯ ಕನ್ನಡಿ ತೆಗೆದು ವಿಪರೀತ ಉಬ್ಬಿದ ಇನ್ನೊಂದನ್ನು ಹಾಕಿದ್ದ. ಅದರಲ್ಲಿ ಎಲ್ಲವೂ ಸಾಸಿವೆಕಾಳು. ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಸಲವೂ ಅವನು, ಮುಖ ನೋಡ್ಕೊಳ್ಳೋದಿದ್ರೆ ಮನೇಲೇ ನೋಡ್ಕೊಂಡು ಬನ್ನಿ ಅಂದಿದ್ದ.

ಜೊತೆಗೊಬ್ಬರನ್ನು ಕರೆತರಬಹುದೆಂಬ ನಿಯಮವಿತ್ತು. ಅವಳು ಅಣ್ಣನ ಹೆಂಡತಿಯನ್ನು ಕರೆತಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವಾಕೆ. ಅತ್ತಿಗೆ ಎರಡೂ ಕನ್ನಡಿಗಳ ಉಬ್ಬು ಅಳೆದು ತಂದಿದ್ದಳು. ಉಬ್ಬು ಹೆಚ್ಚಿದಷ್ಟೂ ಸಂಗಮದೂರ, ಅಂದರೆ ಫೋಕಲ್ ಲೆಂತ್, ಕಡಿಮೆ: ಹಳೆಯದರದು ನೂರು ಸೆಂಟಿಮೀಟರು, ಹೊಸದರದು ಇಪ್ಪತ್ತು. ಸ್ಕೂಟರು ನಿಂತದ್ದು ಕನ್ನಡಿಯಿಂದ ಒಂಬತ್ತು ಮೀಟರು ಹಿಂದೆ. ಹಳೆಯದರಲ್ಲಿ ಅದು ತನ್ನ ಗಾತ್ರದ ಹತ್ತರಲ್ಲೊಂದು ಪಾಲಾಗಿ ಕಾಣುತ್ತಿತ್ತು, ಹೊಸದರಲ್ಲಿ ನಲವತ್ತಾರರಲ್ಲೊಂದು. ಬಿಂಬ ಕನ್ನಡಿಯ ಹಿಂದೆ, ಹತ್ತೊಂಬತ್ತೂವರೆ ಸೆಂಟಿಮೀಟರಿನಲ್ಲಿ.

ಮ್ಯಾನೇಜರರು ತಾವೂ ಬಿ.ಎಸ್ಸಿ. ಎಂದು ನೆನಪಿಸಿ, ಹಾಳೆ ಎಳೆದುಕೊಂಡು ತಾವೇ ಲೆಕ್ಕ ಮಾಡಿದರು. ಅವರಿಗೆ ಇಪ್ಪತ್ತೂವರೆ ಬಂತು, ಹಿಂದೆ ಒಂದು ಮೈನಸ್ಸು.

"ಸಾರ್, ಉಬ್ಬುಗನ್ನಡಿಗೆ ಸಂಗಮದೂರ ಪ್ಲಸ್ ಹಾಕ್ಬೇಕು," ಅತ್ತಿಗೆ ಹಲ್ಲು ಕಚ್ಚಿಕೊಂಡು ಹೇಳಿದಳು. "ನೀವು ಮಾಡಿದ್ದು ಒಳಕ್ಕೆ ತಗ್ಗಿರೋ ಕನ್ನಡಿ ಲೆಕ್ಕ. ನಿಮ್ಮ ಪ್ರಕಾರ ಸ್ಕೂಟರು ಕನ್ನಡಿ ಮುಂದೆ ತಲೆಕೆಳಗಾಗಿ ಕಾಣ್ಬೇಕು."

ಸಂಖ್ಯೆ ಹತ್ತಿರ ಹತ್ತಿರವೇ ಇದೆಯಲ್ಲ, ಚಿಹ್ನೆಗೇನು ಜಗಳ ಎಂದರು ಮ್ಯಾನೇಜರರು. ಆಮೇಲೆ ಏನೋ ಹೊಳೆದು, ಡ್ರೈವರಮ್ಮನ ಕಡೆ ತಿರುಗಿದರು.

"ಅಲ್ಲಮ್ಮಾ, ತಲೆಕೆಳಗಾದ ಸ್ಕೂಟರು ಕಣ್ಣೆದುರಿಗೆ ನೇತಾಡ್ತಾ ಇದ್ರೂ ಬ್ರೇಕ್ ಹಾಕ್ಬೇಕು ಅನ್ನಿಸ್ಲಿಲ್ವಾ?"

ಬಾಗಿಲ ಬಳಿ ನಿಂತಿದ್ದ ಸ್ಟೋರಿನವನು ಕೆಮ್ಮಿನಲ್ಲಿ ನಗು ಮುಚ್ಚಿದ. ಡ್ರೈವರಮ್ಮ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಲಿಲ್ಲ.

"ಹೆಂಗಸಿಗೆ ದೂರ ತಿಳಿಯಲ್ಲ ಅನ್ನೋಕೆ ಇಷ್ಟೊಂದು ಲೆಕ್ಕ ಯಾಕೆ ಸಾರ್? ಬಾಯಲ್ಲೇ ಹೇಳಿದ್ರೆ ಹಾಳೆಯಾದ್ರೂ ಉಳೀತಿತ್ತು."

ಆ ಮಾತನ್ನು ನಡವಳಿಯಲ್ಲಿ ಬರೆದುಕೊಳ್ಳಲಿಲ್ಲ. 'ವಿಚಿತ್ರ ದೃಶ್ಯ ಕಂಡೂ ವಾಹನ ನಿಲ್ಲಿಸಲಿಲ್ಲ' ಎಂದು ಬರೆದು ನಾಲ್ವರೂ ಸಹಿ ಹಾಕಿದರು. ಸೋಮವಾರದಿಂದ ಅವಳು ಟಿಕೆಟ್ ಕಿಟಕಿಯಲ್ಲಿ ಕೂತಳು. ಬಸ್ಸನ್ನು ಬೇರೊಬ್ಬನಿಗೆ ಕೊಟ್ಟರು. ಕನ್ನಡಿ ಬದಲಿಸಲಿಲ್ಲ.