ಗೆರೆಯಾದ ಅಕ್ಷರಗಳು

ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಮೊಳೆಯಣ್ಣ ಎನ್ನುತ್ತಿದ್ದರು. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಮೊಳೆಗಳು ಗುಜರಿಗೆ ಹೋಗಿ ಕಂಪ್ಯೂಟರ್ ಬಂದರೂ ಆ ಹೆಸರು ಅವನನ್ನು ಬಿಡಲಿಲ್ಲ. ನ್ಯಾಯಾಲಯದ ತೀರ್ಪುಗಳ ಸಂಪುಟಗಳಿಗೆ ಅಕ್ಷರ ಜೋಡಿಸಿ ಪುಟ ಕಟ್ಟುವುದು ಅವನ ಕೆಲಸ. ಕಟ್ಟಿದ ಪುಟಗಳು ಪುಸ್ತಕವಾಗಿಯೂ ಕಂಪ್ಯೂಟರ್ ಫೈಲಾಗಿಯೂ ನ್ಯಾಯಾಲಯದ ಗ್ರಂಥಾಲಯಕ್ಕೆ ಹೋಗಿ ಸೇರುತ್ತಿದ್ದವು. ಅಲ್ಲಿ ಕೂತಿದ್ದವಳು ಅವನ ಅಕ್ಕ.

“ಬೇಯಿಸೋನು ನೀನು, ಬಡಿಸೋಳು ನಾನು” ಎಂದು ಅವಳು ನಗುತ್ತಿದ್ದಳು. “ಅಕ್ಕಾ, ಬಾವಿಗೆ ಕಟ್ಟೆ ಕಟ್ಟದೆ ಮಗು ಬಿದ್ದ ಕೇಸು, ಯಾವ ಸಂಪುಟ?” ಎಂದು ವಕೀಲರು ಬಾಗಿಲಲ್ಲೇ ನಿಂತು ಕೂಗಿದರೆ, ಅವಳು ಕೈ ಹಾಕಿದ ಕಡೆ ಅದು ಸಿಗುತ್ತಿತ್ತು. ನೆನಪಿಗೆ ಬಾರದ್ದನ್ನು ಪುಟ ತಿರುವಿ ಹುಡುಕುತ್ತಿದ್ದಳು. ಮದುವೆ, ಮಕ್ಕಳು ಎಂದು ಏನನ್ನೂ ಕಟ್ಟಿಕೊಳ್ಳದ ಅವಳಿಗೆ ಆ ಕುರ್ಚಿಯೇ ಸಂಸಾರ. ಮೊಳೆಯಣ್ಣನೂ ಒಂಟಿ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಹೆಚ್ಚು ಮಾತಿಲ್ಲದೆ, ಮಾತಿಲ್ಲವೆಂಬ ಕೊರತೆಯೂ ಇಲ್ಲದೆ ಬದುಕಿದ್ದರು.

ಈಗ ಅವಳ ಕಣ್ಣು ಹೋಗುತ್ತಿತ್ತು. ಮೊದಲು ಅಂಚು ಮಸುಕಾಯಿತು, ಆಮೇಲೆ ನಡುಭಾಗ. ಗ್ರಂಥಾಲಯದ ಅಧಿಕಾರಿ ಕೆಟ್ಟವನೇನಲ್ಲ. ಕಂಪ್ಯೂಟರಿನಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನವೊಂದನ್ನು ತರಿಸಿದ. “ಕೇಳಿಸ್ಕೊಂಡು ಹುಡುಕಿ ಕೊಡೋಕಾದ್ರೆ ನಿವೃತ್ತಿವರೆಗೂ ಕುರ್ಚಿ ನಿಮ್ಮದೇ. ಆಗದೇ ಇದ್ರೆ ಮಾತ್ರ ನನ್ನ ಕೈ ಕಟ್ಟಿಹಾಕಿದಂಗೆ” ಎಂದ.

ಅದನ್ನು ಕೇಳಿ ಮೊಳೆಯಣ್ಣ ಹಿಗ್ಗಿಹೋದ. “ನನ್ನ ಪುಟಗಳಲ್ವೇನೇ ಅಕ್ಕಾ! ಒಂದಕ್ಷರ ಅಲ್ಲಾಡಲ್ಲ, ನೋಡ್ತಿರು.” ಪರೀಕ್ಷೆಯ ದಿನ ರಜೆ ಹಾಕಿ ಅವಳ ಜೊತೆಗೇ ಹೋದ.

ಅಧಿಕಾರಿ “ಕಾಲುವೆ” ಎಂದ. ಅಕ್ಕ ಬೆರಳಿನ ಅಭ್ಯಾಸದಿಂದಲೇ ಕೀಲಿ ಒತ್ತಿದಳು. ಸಿಗಲಿಲ್ಲ ಎಂದಿತು ಸಾಧನ. “ಅಯ್ಯೋ ಇದರ ಮನೆ ಹಾಳಾಗ, ಕಾಲುವೆ ಜಗಳಗಳೇ ರಾಶಿ ಇದಾವೆ” ಎಂದು ಅವಳು ನಕ್ಕಳು. ಗೋಡೆ ಎಂದು ಹುಡುಕಿದಳು. ಮಗು ಎಂದು ಹುಡುಕಿದಳು. ಕೊನೆಗೆ, ನಗು ನಿಂತಮೇಲೆ, ತೀರ್ಪು ಎಂದು ಹುಡುಕಿದಳು. ತೀರ್ಪಿನ ಸಂಪುಟಗಳಲ್ಲಿ ತೀರ್ಪೆಂಬ ಮಾತೇ ಇರಲಿಲ್ಲ. ತೆರೆದಿರುವ ಪುಟವನ್ನಾದರೂ ಓದು ಎಂದು ಕೇಳಿದಾಗ ಸಾಧನ ಹೇಳಿತು: “ಪುಟ ಖಾಲಿ ಇದೆ.”

ಮೊಳೆಯಣ್ಣ ಬಗ್ಗಿ ನೋಡಿದ. ಪುಟ ತುಂಬ ಅಕ್ಷರ. ಅಂಚು ಕಟ್ಟಿದಂತೆ ನೇರ ಸಾಲು, ಒಂದು ಒತ್ತು ಸಹ ಮಸುಕಿಲ್ಲ.

ಸಾಧನ ಜೋಡಿಸಲು ಬಂದಿದ್ದ ತಂತ್ರಜ್ಞೆ ಮೌಸ್‌ನಿಂದ ಒಂದು ಪದವನ್ನು ಹಿಡಿಯಲು ನೋಡಿದಳು. ಹಿಡಿತಕ್ಕೆ ಬರಲಿಲ್ಲ. “ಇದನ್ನ ಕಳಿಸೋ ಮುಂಚೆ ಅಕ್ಷರಗಳನ್ನೆಲ್ಲ ಗೆರೆ ಮಾಡಿದಾರೆ. ಯಾರು ಮಾಡಿದ್ದು?”

“ನಾನೇ ಕಣಮ್ಮ.”

ಕಂಪ್ಯೂಟರ್ ಬಂದ ಹೊಸದರಲ್ಲಿ ಅವನು ಕಳಿಸಿದ ಒಂದು ಸಂಪುಟ, ಅಚ್ಚು ಹಾಕುವ ಕಡೆ ಅವನು ಬಳಸಿದ ಅಕ್ಷರವಿನ್ಯಾಸದ ಫಾಂಟ್ ಇಲ್ಲದ್ದರಿಂದ, ಬರೀ ಚೌಕಗಳಾಗಿ ಅಚ್ಚಾಗಿತ್ತು. ಮಾಲೀಕ ಎಲ್ಲರೆದುರು ನಿಲ್ಲಿಸಿ ನೀರಿಳಿಸಿದ್ದ. ಅಂದಿನಿಂದ ಮೊಳೆಯಣ್ಣ ಒಂದೊಂದು ಅಕ್ಷರವನ್ನೂ ಬರೀ ಆಕಾರವನ್ನಾಗಿಸಿ ಕಳಿಸತೊಡಗಿದ. ಆಕಾರಕ್ಕೆ ಫಾಂಟಿನ ಹಂಗಿಲ್ಲ. ಮತ್ತೆಂದೂ ಒಂದು ಪುಟ ಕೆಡಲಿಲ್ಲ.

“ಫಾಂಟನ್ನೇ ಫೈಲ್ ಒಳಗೆ ಸೇರಿಸಿ ಕಳಿಸಬಹುದಿತ್ತಲ್ಲ ಅಣ್ಣ. ಪುಟಾನೂ ಕೆಡ್ತಿರಲಿಲ್ಲ, ಹುಡುಕಿದರೆ ಸಿಗ್ತಿತ್ತು. ಈಗಿರೋದು ಅಕ್ಷರ ಅಲ್ಲ, ಅಕ್ಷರದ ಚಿತ್ರ. ಹೋಗಲಿ, ಮೂಲ ಫೈಲು ಇರತ್ತಲ್ಲ?”

ಸೀಸದ ಕಾಲದಲ್ಲಿ ಅಚ್ಚಾದ ಪುಟವನ್ನು ಬಿಚ್ಚಿ, ಮೊಳೆಗಳನ್ನು ಅವುಗಳ ಖಾನೆಗೆ ಹಾಕದೆ ಅವನು ಮನೆಗೆ ಹೊರಟವನಲ್ಲ. ಕಂಪ್ಯೂಟರಿನಲ್ಲೂ ಅದೇ ಶಿಸ್ತು. ಅಚ್ಚಿಗೆ ಹೋದ ಕೆಲಸದ ಮೂಲವನ್ನು ಅಳಿಸಿ, ಮೇಜು ಒರೆಸಿ, ದೀಪ ಆರಿಸುತ್ತಿದ್ದ.

“ಅಳಿಸಿಬಿಟ್ಟಿದೀನಿ” ಎಂದ.

“ಎಲ್ಲಾನೂ?”

“ಎಲ್ಲಾನೂ.”

ಚಿತ್ರ ನೋಡಿ ಅಕ್ಷರ ಊಹಿಸುವ ತಂತ್ರವೊಂದಿದೆ ಎಂದು ತಂತ್ರಜ್ಞೆ ಮಾಡಿ ತೋರಿಸಿದಳು. ಸಾಲಿಗೆರಡು ಕಡೆ ಅದು ಎಡವಿತು. ಅಧಿಕಾರಿ ತಲೆಯಾಡಿಸಿದ. “ಕಥೆಪುಸ್ತಕ ಆಗಿದ್ರೆ ನಡೀತಿತ್ತು. ತೀರ್ಪಲ್ಲಿ ಒಂದು ಮಾತು ಹೆಚ್ಚುಕಮ್ಮಿಯಾದ್ರೆ ನನ್ನ ತಲೆ ಹೋಗತ್ತೆ.” ಆಮೇಲೆ ಅಕ್ಕನ ಕಡೆ ತಿರುಗಿದ. ಅಕ್ಕನೇ ಎದ್ದಳು.

ದಾರಿಯಲ್ಲಿ ಅವಳು ತಮ್ಮನ ತೋಳು ಹಿಡಿದಿದ್ದಳು. ಅವನು ಬೈಗುಳಕ್ಕಾಗಿ ಕಾದ. ಪ್ರತಿ ತಿರುವಿನಲ್ಲೂ ಈಗ ಅಂದಾಳು, ಈಗ ಅಂದಾಳು ಎಂದುಕೊಂಡ. “ಮೆಟ್ಟಿಲು ಬಂತಾ?” ಎಂದಷ್ಟೇ ಕೇಳಿದಳು.

ಆ ತಿಂಗಳೇ ಕುರ್ಚಿಗೆ ಬೇರೆಯವರು ಬಂದರು. ಅದು ಗೊತ್ತಿದ್ದೂ ಮೊಳೆಯಣ್ಣ ಒಂದು ಹಳೆಯ ಸಂಪುಟ ತಂದು ಮನೆಯಲ್ಲಿ ಕೂತು ಮತ್ತೆ ಟೈಪು ಮಾಡತೊಡಗಿದ, ಈ ಸಲ ಫಾಂಟನ್ನು ಒಳಗೇ ಸೇರಿಸಿ. ಮೊದಲ ತೀರ್ಪು ಮುಗಿದ ದಿನ ಅವಳನ್ನು ಕೂರಿಸಿ ಕೇಳಿಸಿದ. ಬಾವಿಯ ಕೇಸು. ಕಂಪ್ಯೂಟರ್ ಎಲ್ಲೂ ಎಡವದೆ ಓದಿತು. ಅವಳ ತುಟಿಗಳು ಅದಕ್ಕಿಂತ ಒಂದು ಮಾತು ಮುಂದೆ ಓಡುತ್ತಿದ್ದವು.

“ನಿಲ್ಸೋ” ಎಂದಳು. “ಇದು ನಂಗೆ ಬಾಯಿಪಾಠ. ನೆನಪಿಲ್ಲದೇ ಇರೋದಕ್ಕೆ ಅಲ್ವೇನೋ ಅದು ಬೇಕಾಗಿದ್ದು.”

“ಉಳಿದಿದ್ದೂ ಮಾಡ್ತೀನಿ ಅಕ್ಕ.”

“ಯಾರಿಗೆ?”

ಗೋಡೆಯುದ್ದದ ಕಪಾಟುಗಳು ಅವನ ಕಣ್ಣ ಮುಂದೆ ಬಂದವು. ಇನ್ನೊಂದು ಜನ್ಮ ಎತ್ತಿ ಬಂದರೂ ಮುಗಿಯುವ ಕೆಲಸವಲ್ಲ. ಅವಳು ಗೋಡೆ ತಡವುತ್ತ ಒಳಗೆ ಹೋದಳು. ಟೈಪು ನಿಲ್ಲಿಸಿದರೆ ಏನಾದರೂ ಮಾತಾಡಬೇಕಾಗುತ್ತದೆ ಎಂದು ಹೆದರಿ, ಅವನು ಮುಂದಿನ ತೀರ್ಪಿನ ಮೊದಲ ಸಾಲಿಗೆ ಕೈ ಹಾಕಿದ.