ಬಾಳಕ್ಕನ ನಡಿಗೆ

ಗುರುಸಿದ್ದವ್ವ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಮೈದುನ ದಾದಾಸಾಹೇಬ ಬಾಗಿ ಕಿವಿಯಲ್ಲಿ ಹೇಳಿದ.

“ವೈನಿ, ಬಾಳಕ್ಕ ಬಂದಾಳ್ರಿ. ಹೊರಗ ನಿಂತಾಳ.”

ಅವಳ ಬೆರಳು ಹಣೆಯ ಮೇಲೆ ಹಾಗೇ ನಿಂತವು. ನಿನ್ನೆ ಮಗ್ಗದ ಮುಂದೆ ಎದೆ ಹಿಡಿದುಕೊಂಡು ಕೂತ ಭೀಮಗೊಂಡ ಮತ್ತೆ ಎದ್ದಿರಲಿಲ್ಲ. ಈಗ ಗೋಡೆಗೆ ಆನಿಸಿ ಕೂರಿಸಿದ್ದ ಅವನ ತಲೆ ಬಾಗಿಲ ಕಡೆಗೆ ಒಂದಿಷ್ಟು ವಾಲಿತ್ತು, ಯಾರೋ ಹೊರಗಿನಿಂದ ಕರೆದದ್ದನ್ನು ಕೇಳಿಸಿಕೊಳ್ಳುವವನ ಹಾಗೆ. ಅವಳಿಗೆ ಅದನ್ನೂ ಸಹಿಸಲಾಗಲಿಲ್ಲ. ಎರಡೂ ಕೈಯಿಂದ ಹಿಡಿದು ತಲೆಯನ್ನು ನೆಟ್ಟಗೆ ಮಾಡಿದಳು.

“ಒಳಗ ಬರೂದ ಬ್ಯಾಡ ಅಂತ ಹೇಳು.”

“ಸತ್ತ ಮನಿಗಿ ಬಂದವರಿಗೆ ಹಂಗ ಹೆಂಗ ಹೇಳೂದ್ರಿ ವೈನಿ?”

“ಇಷ್ಟ ವರ್ಷ ಅಕೀ ಜೋಡಿ ನಡದಾರ. ಇವತ್ತೊಂದ ದಿನ ನನ್ನ ಹಂತೇಕ ಕುಂತಿರಲಿ.”

ಸುತ್ತ ಕೂತ ಹೆಂಗಸರ ಅಳು ತಟ್ಟನೆ ನಿಂತಿತು. ಪಕ್ಕದ ಮನೆಯ ಹಣಮವ್ವ ಸೆರಗಿನಿಂದ ಮೂಗೊರೆಸಿಕೊಂಡು, “ಇವತ್ತರ ಬಿಡವ್ವಾ. ಕಾಲ ಸರಿ ಇಲ್ಲದಾಕಿ, ಅಷ್ಟ ದೂರದಿಂದ ನಡಕೋತ ಬಂದಾಳ,” ಎಂದಳು.

“ಆ ಕಾಲಿನ ಮ್ಯಾಲ ಎಲ್ಲಾ ಗಳಿಸಿದಾಕಿ ಅಕಿ,” ಎಂದಳು ಗುರುಸಿದ್ದವ್ವ.

ಹೊರಗೆ ಬಾಳಕ್ಕ ಎದುರು ಮನೆಯ ಕಟ್ಟೆಗೆ ಆತು ನಿಂತಿದ್ದಳು. ಬಾ ಎಂದು ಯಾರೂ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ.

*

ಬಾಳಕ್ಕನ ಕಾಲು ಮುರಿದದ್ದು ಎಪ್ಪತ್ನಾಲ್ಕನೆಯ ಇಸವಿಯ ಆಷಾಢದಲ್ಲಿ. ಭೀಮಗೊಂಡ ಅಂದು ಮೊದಲ ಪಾಳಿಗೆ ತಡವಾಗಿ ಹೊರಟಿದ್ದ. ಪಾಳಿ ಬದಲಾಗುವ ಹೊತ್ತಿಗೆ ಇಚಲಕರಂಜಿಯ ರಸ್ತೆ ತುಂಬ ಸೈಕಲ್ಲುಗಳೇ. ನಡುವೆ ನೂಲಿನ ಲಾರಿಯೊಂದು ಕೆಟ್ಟು ನಿಂತಿತ್ತು. ಮುಂದಿನವರು ಸೈಕಲ್ಲನ್ನು ಫುಟ್‌ಪಾತಿಗೆ ಹತ್ತಿಸಿದರು, ಅವನೂ ಹತ್ತಿಸಿದ. ಅದೇನು ಹೊಸದಲ್ಲ. ದಿನವೂ ಹತ್ತಿಸುತ್ತಿದ್ದರು, ನಡೆಯುವವರು ಗಂಟೆಯ ಸದ್ದಿಗೆ ಗೋಡೆಗೆ ಒತ್ತಿಕೊಂಡು ಬೈಯುತ್ತಿದ್ದರು. ಹಿಟ್ಟಿನ ಗಿರಣಿಯಿಂದ ಬುಟ್ಟಿ ಹೊತ್ತು ಹೊರಬಿದ್ದ ಬಾಳಕ್ಕನಿಗೆ ಒತ್ತಿಕೊಳ್ಳಲು ಹೊತ್ತು ಸಿಗಲಿಲ್ಲ.

ಜನ ಸೇರಿದರು. “ಡೋಳೆ ಫುಟ್ಲೆ ಕಾಯ್ ರೇ!” ಕಣ್ಣು ಕುರುಡೇನೋ ಎಂದು ಮರಾಠಿಯಲ್ಲಿ ಬೈದು ಒಬ್ಬ ಭೀಮಗೊಂಡನ ಕಪಾಳಕ್ಕೆ ಹೊಡೆದ. “ಈ ಸೈಕಲ್ಲಿನವರ ಸೊಕ್ಕ ಭಾಳ ಆಗೇತಿ,” ಎಂದ ಇನ್ನೊಬ್ಬ. ಅವನ ಕೈಯಲ್ಲೂ ಒಂದು ಸೈಕಲ್ಲಿತ್ತು. ಚೆಲ್ಲಿದ ಜೋಳದ ಹಿಟ್ಟಿನಲ್ಲಿ ಕೂತ ಬಾಳಕ್ಕ ಅಳಲಿಲ್ಲ. “ಇದು ಮಂದಿ ನಡಿಯೂ ಜಾಗಾ. ನಿಮ್ಮಪ್ಪ ನಿನಗೊಬ್ಬಗ ಕಟ್ಟಿಸಿಲ್ಲ,” ಎಂದಳು. ಗಂಡ ಸತ್ತ ಮೇಲೆ ನೂಲು ಸುತ್ತುವ ಕೆಲಸ ಮಾಡಿಕೊಂಡು ಒಬ್ಬಳೇ ಇದ್ದ ಹೆಂಗಸು ಅವಳು.

ಮೂಳೆ ಕೂಡಿತು; ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ. ಭೀಮಗೊಂಡ ಅಂದಿನಿಂದ ಫುಟ್‌ಪಾತಿನ ಮೇಲೆ ಗಾಲಿ ಇಡಲಿಲ್ಲ. ಪಾಳಿ ಬಿಟ್ಟ ಮೇಲೆ ಅವಳು ದುಡಿಯುವ ಕಾರಖಾನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಅವಳ ಓಣಿಯವರೆಗೂ ಅವಳು ಫುಟ್‌ಪಾತಿನ ಮೇಲೆ, ಅವನು ಕೆಳಗೆ ಸೈಕಲ್ಲು ತಳ್ಳಿಕೊಂಡು. ಎದುರಿಗೆ ಯಾರಾದರೂ ಸೈಕಲ್ಲು ಹತ್ತಿಸಿಕೊಂಡು ಬಂದರೆ ಅಡ್ಡಗಟ್ಟಿ ಇಳಿಸುತ್ತಿದ್ದ. “ಬಂದ ನೋಡ್ರಿ, ಫುಟ್‌ಪಾತ್ ಫೌಜದಾರ!” ಎಂದು ಅವನ ಪಾಳಿಯವರೇ ನಗುತ್ತಿದ್ದರು.

ಊರು ಬೇರೆ ಏನೇನೋ ಆಡಿತು. ಗುರುಸಿದ್ದವ್ವ ಅದನ್ನು ನಂಬಲಿಲ್ಲ. ನಂಬಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಒಮ್ಮೆ ಸಂತೆಯಿಂದ ಬರುವಾಗ ತಾನೇ ಕಂಡಳು. ಬಾಳಕ್ಕ ಒಂದು ಹೆಜ್ಜೆ ಇಟ್ಟು ಇನ್ನೊಂದು ಕಾಲನ್ನು ಎಳೆದುಕೊಳ್ಳುವವರೆಗೆ ಗಂಡ ಹ್ಯಾಂಡಲ್ ಹಿಡಿದು ಕಾಯುತ್ತಿದ್ದ. ಮತ್ತೆ ಒಂದು ಹೆಜ್ಜೆ, ಮತ್ತೆ ಕಾಯುವುದು. ಲಗ್ನವಾದಾಗಿನಿಂದ ಅವನು ಮುಂದೆ, ತಾನು ಹಿಂದೆ. ಬಸುರಿಯಾಗಿದ್ದಾಗ, ಆಮೇಲೆ ಕೂಸನ್ನು ಬಗಲಿಗೆ ಏರಿಸಿಕೊಂಡು, ಅರ್ಧ ನಡೆದು ಅರ್ಧ ಓಡಿ ಅವನನ್ನು ಮುಟ್ಟಬೇಕಿತ್ತು. ಅವನು ಒಮ್ಮೆಯೂ ತಿರುಗಿ ನೋಡಿದವನಲ್ಲ.

ಅಂದು ಅವನಿಗೆ ರೊಟ್ಟಿ ಬಡಿಸುತ್ತ, “ನನ್ನ ಕಾಲ ಮುರದಿದ್ರ ಚಲೋ ಇತ್ತ,” ಎಂದಳು.

“ಏನ ಅಂತೀ ಇದು?”

“ಏನಿಲ್ಲ. ಉಣ್ರಿ.”

ಅವನಿಗೆ ತಿಳಿದಿರಬೇಕು. ಅಮಾವಾಸ್ಯೆಗೆ ಗುಡಿಗೆ ಹೊರಟಾಗ ಓಣಿಯ ತಿರುವಿನಲ್ಲಿ ನಿಂತು ಕಾದ. ಅವಳು ಸಮಕ್ಕೆ ಬಂದ ಮೇಲೆ ಹೆಜ್ಜೆ ಸಣ್ಣದು ಮಾಡಿದ. ಇಬ್ಬರೂ ಒಂದಿಷ್ಟು ದೂರ ಹಾಗೆ ನಡೆದರು. ಗುರುಸಿದ್ದವ್ವನ ಎದೆ ಹೊಸ ಮದುವಣಗಿತ್ತಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಆದರೆ ಆ ಸಣ್ಣ ಹೆಜ್ಜೆ ಯಾರ ಕಾಲಿಗೆಂದು ರೂಢಿಯಾದದ್ದು ಎಂಬುದು ನೆನಪಾಯಿತು.

“ನೀವ ಮುಂದ ನಡೀರಿ,” ಎಂದಳು. “ಅಕೀ ಕಲಿಸಿದ ನಡಿಗಿ ನನಗ ಬ್ಯಾಡ.”

ಅವನು ಮುಂದೆ ನಡೆದ. ಮತ್ತೆಂದೂ ಕಾಯಲಿಲ್ಲ.

*

ಮಧ್ಯಾಹ್ನ ಚಟ್ಟಕ್ಕೆ ಹೂ ಕಟ್ಟಿ ಮಾಡಿದ ವಿಮಾನದಲ್ಲಿ ಭೀಮಗೊಂಡನನ್ನು ಕೂರಿಸಿ ಎತ್ತಿದರು. ಭಜನೆಯವರು ಮುಂದೆ, ಹೆಂಗಸರು ಹಿಂದೆ. ದೊಡ್ಡ ರಸ್ತೆಗೆ ಬಂದಾಗ ಪಾಳಿ ಬಿಟ್ಟಿತ್ತು. ಕೆಲವರು ಸೈಕಲ್ಲು ಇಳಿದು ಕೈಮುಗಿದರು. ಅವಸರದವರು ಫುಟ್‌ಪಾತಿಗೆ ಹತ್ತಿಸಿ, ಗಂಟೆ ಬಾರಿಸುತ್ತ ದಾಟಿ ಹೋದರು.

ಗುರುಸಿದ್ದವ್ವ ತಿರುಗಿ ನೋಡಿದಳು. ಬಹಳ ಹಿಂದೆ, ಗೋಡೆಗೆ ಒತ್ತಿಕೊಂಡು ಸೈಕಲ್ಲುಗಳಿಗೆ ದಾರಿ ಬಿಡುತ್ತ, ಬಾಳಕ್ಕ ಒಬ್ಬಳೇ ಬರುತ್ತಿದ್ದಳು. ಕೇಳಬೇಕಾದ ಒಂದು ಮಾತಿತ್ತು. ಅವನು ಮಣ್ಣಿಗೆ ಹೋಗುವ ಮೊದಲೇ ಕೇಳಬೇಕು ಎನಿಸಿತು. ಹಣಮವ್ವ ಹಿಡಿದಿದ್ದ ರಟ್ಟೆ ಬಿಡಿಸಿಕೊಂಡು ನಿಂತಳು. ಉಳಿದ ಹೆಂಗಸರು ಅವಳನ್ನು ಬಳಸಿ ಮುಂದೆ ಹೋದರು.

“ದಿನಾ ಏನ ಮಾತಾಡ್ತಿದ್ರಿ ಇಬ್ರೂ?” ಬಾಳಕ್ಕ ಸಮೀಪಿಸುತ್ತಲೇ ಕೇಳಿದಳು.

ಬಾಳಕ್ಕ ಏದುಸಿರು ಬಿಡುತ್ತ ನಿಂತಳು. “ಮಾತ ಎಲ್ಲಿದ್ವು ತಂಗಿ? ನಾ ಬೈತಿದ್ದೆ, ಅವರು ಕೇಳತಿದ್ರು. ಬೈಗಳ ತೀರಿದ ಮ್ಯಾಲ ಸುಮ್ಮ ನಡೀತಿದ್ವಿ.”

“ಸುಳ್ಳ ಹೇಳಬ್ಯಾಡ.”

“ಸುಳ್ಳ್ಯಾಕ ಹೇಳ್ಲಿ? ನಿನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತ, ಗೊತ್ತೈತೇನ? ನನ್ನ ಓಣಿ ಬಂತಂದ್ರ ಸಾಕ, ಕಾಲ ಹಾಕಿ ಸೈಕಲ್ ಹತ್ತಿ ಹೊಂಟಬಿಡ್ತಿದ್ರು. ಬರ್ತೇನಿ ಅಂತ ಸೈತ ಅಂತಿರಲಿಲ್ಲ. ಮನಿಗಿ ಅಷ್ಟ ಅವಸರ. ದಿನಾ ನಾ ಅಲ್ಲೇ ನಿಂತ ಬೆನ್ನ ನೋಡಾಕಿ.”

ದಿನವೂ ಬೆವರು ಸುರಿಸುತ್ತ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು ಅವನು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದ. ಗುರುಸಿದ್ದವ್ವ ಅದನ್ನು ಹಸಿವೆ ಎಂದುಕೊಂಡಿದ್ದಳು.

ಭಜನೆಯ ತಾಳ ದೂರವಾಗುತ್ತಿತ್ತು. “ಬಾ, ತಡಾ ಆಗತೈತಿ,” ಎಂದು ಹೊರಟಳು. ಕೈ ಕೊಡಲಿಲ್ಲ. ತೀರ ಮುಂದೆಯೂ ಹೋಗಲಿಲ್ಲ.

ಕುಳಿಯ ಬಳಿ ಅಯ್ಯನವರ ಮಂತ್ರ ಮುಗಿದಿತ್ತು. “ಮೊದಲ ನೀವ ಬರ್ರಿ ವೈನಿ, ಮಣ್ಣ ಕೊಡ್ರಿ,” ಎಂದ ದಾದಾಸಾಹೇಬ. ಗುರುಸಿದ್ದವ್ವ ಬಾಗಿ ಬೊಗಸೆ ತುಂಬ ಮಣ್ಣು ಎತ್ತಿದಳು. ಪಕ್ಕದಲ್ಲಿ ಬಾಳಕ್ಕನೂ ಬಾಗಲು ನೋಡಿದಳು. ಮಡಚದ ಕಾಲು ಸಡಿಲು ಮಣ್ಣಿನಲ್ಲಿ ಜಾರಿತು. ಹಣಮವ್ವ ಹಿಡಿದು ನಿಲ್ಲಿಸಿದಳು. ಬಾಳಕ್ಕ ಬರಿಗೈ ಮುಂದೆ ಚಾಚಿ ಹಾಗೇ ನಿಂತಳು.

ಗುರುಸಿದ್ದವ್ವ ಆ ಅಂಗೈ ನೋಡಿದಳು. ತನ್ನ ಬೊಗಸೆಯಿಂದ ಅದರೊಳಗೆ ಒಂದಿಷ್ಟು ಮಣ್ಣು ಸುರಿದಳು. ತುಸು ತಡೆದು, ಇನ್ನೂ ಒಂದು ಚೂರು. ಆಮೇಲೆ, ಬಾಳಕ್ಕ ಹೆಜ್ಜೆ ಎತ್ತುವುದರೊಳಗೆ, ತಾನೇ ಮೊದಲು ಅಂಚಿಗೆ ಹೋಗಿ ಬೊಗಸೆ ಬಿಚ್ಚಿದಳು.